ಬೋಲ್ಟಿಲ್ಲದ ಜೋಡಣೆ

"ಇದನ್ನ ಹಿಡ್ಕೊಂಡಿರೋದು ಯಾರು?"

ಎಂಜಿನಿಯರ್ ಈ ಮಾತನ್ನು ಯಾರನ್ನೂ ಕೇಳಲಿಲ್ಲ. ಬಂದರಿನ ರೇಡಿಯೊ ಟವರಿನ ಬುಡದ, ಸಿಡಿಲನ್ನು ಮಣ್ಣಿಗಿಳಿಸುವ ಅರ್ಥಿಂಗ್ ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ತಲೆಯನ್ನು ಒಳಕ್ಕೆ ಬಗ್ಗಿಸಿ, ತಾಮ್ರದ ಎರಡು ಪಟ್ಟಿಗಳು ಒಂದರ ಮೇಲೊಂದು ಕೂತಿದ್ದ ಜಾಗವನ್ನೇ ನೋಡುತ್ತ, ತನಗೇ ತಿಳಿಯದೆ ಗಟ್ಟಿಯಾಗಿ ಅಂದುಬಿಟ್ಟಳು. ಪಟ್ಟಿಗಳಲ್ಲಿ ಬೋಲ್ಟಿಗೆಂದು ಕೊರೆದ ತೂತುಗಳಿದ್ದವು. ತೂತುಗಳಲ್ಲಿ ಬೋಲ್ಟುಗಳಿರಲಿಲ್ಲ. ಬೆಳಗಿನ ಬಿಸಿಲಲ್ಲಿ ಮುಚ್ಚಳ ತೆಗೆಸಿದಾಗ ಆ ಪಟ್ಟಿಗಳು ಬೆರಳು ತಾಗಿದರೂ ಗಲಗಲ ಅನ್ನುವಷ್ಟು ಸಡಿಲವಾಗಿದ್ದವು. ನಡುವಿನ ಸಂದು ಎಷ್ಟಿದೆಯೆಂದು ನೋಡಲು ಅವಳು ತೆಳ್ಳನೆಯ ಉಕ್ಕಿನ ಅಲಗೊಂದನ್ನು ತೂರಿಸಿ, ಯಾರೋ ಕರೆದರೆಂದು ಎದ್ದುಹೋಗುವಾಗ ಅದನ್ನು ಅಲ್ಲೇ ಮರೆತಿದ್ದಳು. ಈಗ ಸಂಜೆಗೆ ಮೊದಲೇ ಕಡಲಿನ ಕಡೆಯಿಂದ ಮೋಡ ಕವಿದು, ಬಂದರಿನ ಬೀದಿದೀಪಗಳು ಹೊತ್ತಲ್ಲದ ಹೊತ್ತಿನಲ್ಲಿ ಹತ್ತಿಕೊಂಡಿದ್ದವು. ಮಳೆಯ ಮೊದಲ ಹನಿಗಳು ಕುತ್ತಿಗೆಯ ಮೇಲೆ ಬೀಳುತ್ತಿದ್ದವು. ಅಲಗು ಬರುತ್ತಿರಲಿಲ್ಲ. ಎರಡೂ ಕೈ ಹಾಕಿ ಎಳೆದಳು. ಯಾರೋ ಹಟ ಹಿಡಿದು ಮುಷ್ಟಿ ಕಟ್ಟಿದ ಹಾಗಿತ್ತು.

"ಮೇಡಂ, ತಾಮ್ರದ ಜೊತೆ ಆಮೇಲೆ ಮಾತಾಡಿ, ಮೊದಲು ಒಳಗೆ ಬನ್ನಿ!" ವೆಲ್ಡರ್ ರೇಡಿಯೊ ಕೋಣೆಯ ಬಾಗಿಲಿನಿಂದ ಕೂಗಿದ. "ಆಕಾಶ ಗುರ್ ಅಂತಿದೆ. ಇಷ್ಟು ದೊಡ್ಡ ಬಂದರಲ್ಲಿ ನಿಮಗೆ ಕೂರೋಕೆ ಟವರಿನ ಬುಡವೇ ಬೇಕಿತ್ತಾ?"

ಅವಳು ಅಲಗನ್ನು ಅಲ್ಲೇ ಬಿಟ್ಟು ಓಡಿದಳು. ಓಡಿಸಿದ್ದು ಮಳೆಯ ಭಯವಲ್ಲ. ಟವರಿನ ತುದಿಯ ಸಿಡಿಲುಕಡ್ಡಿಯಿಂದ ನೆಲದವರೆಗೆ ಅವಳು ಹೊಸ ಪಟ್ಟಿ ಇಳಿಸಿದ್ದಳು, ತೂಗುಗುಂಡಿನ ದಾರದಷ್ಟು ನೇರವಾಗಿ. ಗುಂಡಿಗೆ ಇಳಿಯುವ ಹಳೆಯ ಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ. ಹೊಸದರ ಮೇಲೊಂದು ಪುಟ್ಟ ಪೆಟ್ಟಿಗೆಯೂ ಕೂತಿತ್ತು. ಸಿಡಿಲು ಆ ದಾರಿಯಲ್ಲಿ ಹಾದುಹೋದಾಗೆಲ್ಲ ಅದರ ಅಂಕಿ ಒಂದು ಮುಂದಕ್ಕೆ ಉರುಳುತ್ತದೆ. ಉಳಿದದ್ದು ಒಂದೇ ಕೆಲಸ. ರೇಡಿಯೊದ ಲೋಹದ ಮೈಯನ್ನೂ ಟವರಿನಿಂದ ಇಳಿದ ಕೇಬಲ್ಲುಗಳನ್ನೂ ಕೋಣೆಯ ಗೋಡೆಯ ತಾಮ್ರದ ಪಟ್ಟಿಗೆ ಕಟ್ಟಲಾಗಿತ್ತು. ಆ ಗೋಡೆಯ ತಾಮ್ರವನ್ನು ಹೊಸ ಅರ್ಥಿಂಗಿಗೆ ಬೆಸೆಯಬೇಕಿತ್ತು. ಆದರೆ ಕರಗಿದ ತಾಮ್ರ ಹೊಯ್ಯುವ ಅಚ್ಚು ಒದ್ದೆಯಾದರೆ ಬೆಸುಗೆ ಹಿಡಿಯುವುದಿಲ್ಲ. ನಾಳೆ ನೋಡೋಣ ಅಂದುಕೊಂಡಿದ್ದರು. ಹೀಗಾಗಿ ಈ ಹೊತ್ತಿಗೆ ಕೋಣೆಯನ್ನೂ ಟವರನ್ನೂ ಸೇರಿಸುತ್ತಿದ್ದದ್ದು ಗುಂಡಿಯೊಳಗಿನ ಆ ಬೋಲ್ಟಿಲ್ಲದ ಜೋಡಣೆಯೊಂದೇ.

ಸಿಡಿಲು ಬಡಿದ ಕ್ಷಣ ಟವರೂ ಅದರ ಬುಡದ ಮಣ್ಣೂ ವೋಲ್ಟೇಜಿನಲ್ಲಿ ಉಬ್ಬರದ ನೀರಿನಂತೆ ಒಮ್ಮೆಲೇ ಮೇಲೇರುತ್ತವೆ. ಒಂದೇ ಅರ್ಥಿಂಗಿಗೆ ಕಟ್ಟಿದ್ದೆಲ್ಲ ಒಂದೇ ನೀರಿನ ಮೇಲಿನ ದೋಣಿಗಳಂತೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆ, ಯಾವುದಕ್ಕೂ ನೋವಿಲ್ಲ. ಕಟ್ಟು ತಪ್ಪಿದ್ದು ಮಾತ್ರ ಕೆಳಗೇ ಉಳಿಯುತ್ತದೆ. ಆಗ ಆ ಅಂತರಕ್ಕೆ ಸೇತುವೆಯಾಗುವುದು ಮೈಕು ಹಿಡಿದು ಕೂತವನ ಮೈ.

ಮೈಕು ಹಿಡಿದು ಒಬ್ಬ ಕೂತೇ ಇದ್ದ. ಬಂದರಿನ ಬಾಯಿಗೆ ಮುಖಮಾಡಿದ ಕಿಟಕಿಯ ಬಳಿ, ಕಣ್ಣಿಗೆ ದುರ್ಬೀನು ಹಚ್ಚಿಕೊಂಡು, ಆಪರೇಟರ್ ತಣ್ಣಗೆ ಮಾತಾಡುತ್ತಿದ್ದ. "ಎಡಕ್ಕೆ... ಇನ್ನೂ ಎಡಕ್ಕೆ... ಹಾಂ, ಹಾಗೇ ಬನ್ನಿ." ಒಂದು ದೋಣಿ ಇನ್ನೂ ಹೊರಗಿತ್ತು. ಮಳೆಯ ತೆರೆಯಲ್ಲಿ ಅದರವರಿಗೆ ದೀಪಸ್ತಂಭ ಕಾಣುತ್ತಿರಲಿಲ್ಲ, ಅವರ ದೀಪ ಮಾತ್ರ ಇವನಿಗೆ ಆಗಾಗ ಕಾಣುತ್ತಿತ್ತು. ಎರಡೂ ಬದಿಯಲ್ಲಿ ಬಂಡೆ.

"ಮೈಕ್ ಬಿಡಿ," ಎಂದಳು ಎಂಜಿನಿಯರ್. "ಕೇಬಲ್ ಕಿತ್ತುಬಿಡಿ. ಅರ್ಥಿಂಗ್ ಮೇಲೆ ನನಗೆ ನಂಬಿಕೆ ಇಲ್ಲ."

"ಕಿತ್ತರೆ ಅವರು ಬಂಡೆಗೆ ಹೋಗ್ತಾರೆ ಮೇಡಂ," ಎಂದ ಅವನು, ದುರ್ಬೀನು ಇಳಿಸದೆ.

"ಕೀಳದಿದ್ರೆ ನೀವು ಹೋಗ್ತೀರಿ!"

ಅವಳೇ ಮುಂದೆ ನಡೆದು ರೇಡಿಯೊದ ಬೆನ್ನಿನ ಕೇಬಲ್ಲಿನ ಮೇಲೆ ಕೈ ಇಟ್ಟಳು. ಆಗ ಮೂಲೆಯ ಬೆಂಚಿನಿಂದ ಒಂದು ದನಿ ಬಂತು.

"ಕೂತ್ಕೊಳ್ಳಲಿ ಬಿಡು ಮಗಳೇ. ಅದು ಕೈಕೊಡಲ್ಲ."

ಮೈಕಜ್ಜಿ. ಈ ಕೋಣೆಯಲ್ಲಿ ಕೂದಲು ಹಣ್ಣಾಗುವ ತನಕ ಮೈಕು ಹಿಡಿದು, ನಿವೃತ್ತಳಾಗಿ ಮನೆ ಸೇರಿದ್ದ ಮುದುಕಿ. ವರ್ಷದ ಮೊದಲ ಗುಡುಗಿನ ದಿನ ಕೊಡೆ ಹಿಡಿದು ಬಂದು ಈ ಬೆಂಚಿನಲ್ಲಿ ಕೂರುತ್ತಾಳೆ, ಮಳೆ ನಿಂತ ಮೇಲೆ ಎದ್ದುಹೋಗುತ್ತಾಳೆ ಎಂದು ಆಪರೇಟರ್ ಬೆಳಗ್ಗೆಯೇ ಹೇಳಿದ್ದ. ಹೊಸ ತಾಮ್ರ ಹಾಕುತ್ತಿದ್ದಾರೆಂದು ಕೇಳಿ ಈ ಸಲ ಗುಡುಗಿಗೂ ಕಾಯದೆ ಮಧ್ಯಾಹ್ನವೇ ಬಂದಿದ್ದಳು.

"ಯಾವುದು ಕೈಕೊಡಲ್ಲ?"

"ಹೊರಗೆ ನೀನೇ ಕೇಳ್ದೆಯಲ್ಲ, ಹಿಡ್ಕೊಂಡಿರೋದು ಯಾರು ಅಂತ? ಅಷ್ಟು ಜೋರಾಗಿ ಕೇಳಿದೋಳಿಗೆ ಉತ್ತರ ಬೇಡವಾ? ಕೇಬಲ್ ಮೇಲಿಂದ ಕೈ ತೆಗೀಬೇಡ, ಅಲ್ಲೇ ಇಟ್ಕೊಂಡು ಕೇಳು. ನಾನು ಹೇಳಿದ್ದು ಸುಳ್ಳು ಅನ್ನಿಸಿದ ಕ್ಷಣ ಕಿತ್ತುಹಾಕು. ನಾನು ತಡೆಯಲ್ಲ."

"ಸಿಡಿಲು ಬಂದ್ರೆ ಮೇಡಂ ಕೈನೂ ಅಲ್ಲೇ ಇರತ್ತಲ್ಲ ಅಜ್ಜಿ?" ಎಂದ ವೆಲ್ಡರ್.

"ನೀನು ಬಾಗಿಲ ಹತ್ರ ನಿಂತಿದೀಯಲ್ಲ, ನಿನಗ್ಯಾಕೆ ಚಿಂತೆ? ಬಾ, ಒಳಗೆ ಬಂದು ಕೂತ್ಕೋ. ಕತೆ ಕೇಳೋನು ಹೊಸ್ತಿಲ ಮೇಲೆ ನಿಲ್ಲಬಾರದು, ಹೇಳೋರಿಗೆ ಅವನು ಓಡಿಹೋಗ್ತಾನೆ ಅನ್ಸತ್ತೆ."

ವೆಲ್ಡರ್ ಒಳಗೆ ಬಂದ. ಎಂಜಿನಿಯರ್ ಕೈ ತೆಗೆಯಲಿಲ್ಲ, ಎಳೆಯಲೂ ಇಲ್ಲ. ಎಳವೆಯಲ್ಲಿ ತನ್ನ ಅಜ್ಜಿ ಪದ್ಯ ಓದುವಾಗ ನಡುವೆ ಉಸಿರೆತ್ತದೆ ಕೂತು ಕಲಿತ ಕಿವಿ ಅವಳದು. ಹೇಳುವವರ ದನಿಯಲ್ಲಿ ಸತ್ಯದ ತೂಕ ಎಷ್ಟಿದೆಯೆಂದು ಆ ಕಿವಿಗೆ ಗೊತ್ತಾಗುತ್ತಿತ್ತು. ಗಾಜಿನ ಮೇಲೆ ಮಳೆ ಒಂದೇ ಸಮನೆ ಸುರಿಯಿತು.

"ನನಗೊಬ್ಬ ಅಣ್ಣ ಇದ್ದ..." ಎಂದಳು ಮೈಕಜ್ಜಿ. "ಈ ಟವರಿಗೆ ಮೊದಲ ಅರ್ಥಿಂಗ್ ಹಾಕಿದೋನು ಅವನೇ. ಎಲ್ಲರೂ ಅವನನ್ನ ಮಣ್ಣಣ್ಣ ಅಂತಿದ್ರು. ಅವನಿಗೊಂದು ಒಳ್ಳೆ ಹೆಸರೂ ಇತ್ತು, ಆ ಹೆಸರು ಹಿಡಿದು ನಮ್ಮಮ್ಮ ಒಬ್ಬಳೇ ಕರೀತಿದ್ದಿದ್ದು, ಅದೂ ಸಿಟ್ಟು ಬಂದಾಗ. ಯಾಕೆ ಮಣ್ಣಣ್ಣ ಅಂದ್ರೆ, ಆಸಾಮಿ ಟವರ್ ಕೆಲಸದೋನಾದ್ರೂ ಮೇಲೆ ನೋಡ್ತಾನೇ ಇರ್ಲಿಲ್ಲ, ಕಣ್ಣು ಯಾವಾಗಲೂ ನೆಲದ ಮೇಲೆ. ನಮ್ಮ ದೊಡ್ಡಮ್ಮ ಹೊಸ ಮನೆ ಕಟ್ಟಿಸಿ ಕರೆದಾಗ ಹೋಗಿಬಂದ, ಮನೆ ಹೇಗಿದೆಯೋ ಅಂದ್ರೆ, ಹಿತ್ತಲ ಮಣ್ಣು ಬಹಳ ಚೆನ್ನಾಗಿದೆ, ತೇವ ಹಿಡಿಯತ್ತೆ ಅಂದ. ಮಹರಾಯ ಮನೆಯನ್ನ ನೋಡೇ ಇರ್ಲಿಲ್ಲ!

"ಆ ಗುಂಡೀನ ಅವನೇ ತೋಡಿದ್ದು. ಇದ್ದಿಲು ಒಂದು ಪದರ, ಉಪ್ಪು ಒಂದು ಪದರ, ಮತ್ತೆ ಇದ್ದಿಲು... ಹೆತ್ತ ಮಗೂಗೆ ಹಾಸಿಗೆ ಹಾಸಿದ ಹಾಗೆ ಹಾಸ್ದ. ಬೇಸಿಗೆಯಲ್ಲಿ ದಿನಾ ಅದಕ್ಕೆ ನೀರು ಹೊಯ್ತಿದ್ದ. ಬಾಗಿಲಲ್ಲಿರೋ ಗಿಡ ಒಣಗ್ತಿದೆ, ಇವನು ಹೋಗಿ ಹೋಗಿ ಗುಂಡಿಗೆ ನೀರು ಹಾಕ್ತಾನೆ, ಅದರಲ್ಲೇನು ಹೂ ಬಿಡತ್ತೋ ಅಂತ ಅಮ್ಮ ರೇಗೋಳು. ಅವನು ನನ್ನ ಕಡೆ ಕೈ ತೋರ್ಸಿ, ಇವಳು ದಿನಾ ಸಂಜೆ ಮನೆಗೆ ಬರ್ತಾಳಲ್ಲ, ಅದೇ ಹೂವು ಅಂತಿದ್ದ. ಪಟ್ಟೀನ ಎಲ್ಲಾದ್ರೂ ಬಗ್ಗಿಸಬೇಕಾಗಿ ಬಂದ್ರೆ ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ, ಮೂಲೆ ಅನ್ನೋದೇ ಇಲ್ಲದ ಹಾಗೆ, ನದಿ ತಿರುಗಿದ ಹಾಗೆ ತಿರುಗಿಸ್ತಿದ್ದ. ಯಾಕೋ ಇಷ್ಟು ಒದ್ದಾಡ್ತೀಯ ಅಂದ್ರೆ, ಏನು ಹೇಳ್ತಿದ್ದ ಗೊತ್ತಾ? ಸಿಡಿಲಿಗೆ ಬಹಳ ಅವಸರ ಕಣೇ. ಅದು ಕೆಟ್ಟದ್ದಲ್ಲ, ಮನೆಗೆ ಹೊರಟಿರತ್ತೆ ಅಷ್ಟೆ. ನೇರ ದಾರಿ ಕೊಟ್ರೆ ಸುಮ್ಮನೆ ಹೋಗಿ ಮಣ್ಣಲ್ಲಿ ಮಲಗತ್ತೆ. ಮೂಲೆ ತಿರುಗು ಅಂದ್ರೆ ಮಾತ್ರ ದಾರಿ ಬಿಟ್ಟು ಹಾರಿ ನಿನ್ನ ಮನೆಗೆ ಬರತ್ತೆ... ಅಂತ.

"ಕೇಳ್ತಿದೀರಾ? ಹಾಂ. ಒಂದು ಸಲ ಅವನು ಬೇರೆ ಟವರಿನ ಕೆಲಸಕ್ಕೆ ದೂರ ಹೋಗಿದ್ದ. ಆಗ ಇಲ್ಲಿಗೆ ಹೊಸ ರೇಡಿಯೊ ಬಂತು. ಕೂರಿಸೋಕೆ ಬಂದೋನೂ ಒಳ್ಳೆಯವನೇ, ಕೆಲಸಗಾರನೇ. ಆದ್ರೆ ಹೊಸದರಲ್ಲಿ ಒಂದು ಗುಂಯ್ ಅನ್ನೋ ಸದ್ದು. ಜೇನು ಹೊಕ್ಕ ಹಾಗೆ. ಏನು ಮಾಡಿದ್ರೂ ಹೋಗ್ಲಿಲ್ಲ. ಹಳೇ ಅರ್ಥಿಂಗಿನ ಸಹವಾಸದಿಂದ ಹೀಗಾಗ್ತಿದೆ, ಹೊಸ ಸೊಸೆಗೆ ಬೇರೆ ಒಲೆ ಇರಲಿ ಅಂತ, ಈ ಕಿಟಕಿ ಕೆಳಗೆ ಬೇರೆ ಒಂದು ಕಂಬಿ ಹೊಡೆದು ರೇಡಿಯೋನ ಅದಕ್ಕೆ ಕಟ್ಟಿ ಹೋದ. ಸದ್ದು ಮಾಯ! ಮಾತು ಕನ್ನಡಿಯಷ್ಟು ತಿಳಿ. ನಾವೆಲ್ಲ ಅವನನ್ನ ಹೊಗಳಿದ್ದೇ ಹೊಗಳಿದ್ದು..."

ಎಂಜಿನಿಯರ್ ಕಿಟಕಿಯ ಕೆಳಗಿನ ನೆಲದತ್ತ ನೋಡಿದಳು. ಅವಳಿಗೆ ಮುಂದಿನದು ಅರ್ಥವಾಗಿತ್ತು. "ಎರಡು ಮಣ್ಣು," ಎಂದಳು ಮೆಲ್ಲಗೆ.

"ಹೂಂ ಮಗಳೇ. ಎರಡು ಮಣ್ಣು. ಒಂದು ಟವರಿಗೆ, ಒಂದು ರೇಡಿಯೊಗೆ. ನಡುವೆ ನಾನು."

ಹೊರಗೆ ಮಿಂಚಿತು. ಎಲ್ಲರೂ ಉಸಿರು ಹಿಡಿದರು. ಗುಡುಗು ಸ್ವಲ್ಪ ತಡೆದು ಬಂತು. "ಬಲಕ್ಕೆ ಬನ್ನಿ, ಬಲಕ್ಕೆ," ಎಂದ ಆಪರೇಟರ್, ದನಿ ಒಂದಿಷ್ಟೂ ಏರದೆ.

"ಇಂಥದೇ ಒಂದು ಸಂಜೆ," ಎಂದಳು ಮೈಕಜ್ಜಿ, "ಮಳೆ ಅವನ ಬೆನ್ನು ಹತ್ತಿ ಬಂತೋ, ಅವನೇ ಮಳೆ ಬೆನ್ನು ಹತ್ತಿ ಬಂದನೋ, ಅಣ್ಣ ದೂರದಿಂದ ವಾಪಸ್ ಬಂದ. ಹೆಗಲ ಮೇಲೆ ಕೆಲಸದಲ್ಲಿ ಉಳಿದ ತಾಮ್ರದ ಪಟ್ಟಿಯ ಸುರುಳಿ. ನಾನು ಇದೇ ಕಿಟಕಿ ಹತ್ರ, ಕೈಯಲ್ಲಿ ಮೈಕು. ಆಚೆ ದ್ವೀಪದಿಂದ ಜನ ತುಂಬಿಕೊಂಡು ಬರ್ತಿದ್ದ ದೋಣಿ, ಬಂಡೆ ನಡುವೆ ಕುರುಡನ ಹಾಗೆ ತಡಕಾಡ್ತಿತ್ತು. ಅದರಲ್ಲಿ ಮಗು ಅಳೋದು ನನಗೆ ರೇಡಿಯೋದಲ್ಲಿ ಕೇಳಿಸ್ತಿತ್ತು. ಅಣ್ಣ ಕಿಟಕಿ ಕಡೆ ನಗ್ತಾ ಬಂದೋನು, ಕೆಳಗೆ ನೋಡ್ದ. ನೆಲ ನೋಡೋದು ಅವನ ಚಾಳಿ ತಾನೇ? ಕಂಬಿ ಕಾಣ್ತು. ಮುಖದ ರಕ್ತ ಇಳಿದುಹೋಯ್ತು. ಏಳೇ, ಹೊರಗೆ ಬಾ ಅಂದ. ದೋಣಿ ಬಂದರಿನ ಬಾಯಲ್ಲಿದೆ ಕಣೋ, ಈಗ ಏಳೋಕಾಗಲ್ಲ ಅಂದೆ.

"ಬೇರೆ ಯಾರಾದ್ರೂ ಆಗಿದ್ರೆ ಏನು ಮಾಡ್ತಿದ್ರು ಹೇಳಿ? ರಟ್ಟೆ ಹಿಡಿದು ಎಳ್ಕೊಂಡು ಹೋಗ್ತಿರ್ಲಿಲ್ವಾ? ಅವನು ಎಳೀಲಿಲ್ಲ. ಇಷ್ಟು ವರ್ಷ ಆದ್ರೂ ನನಗೆ ಅದೇ ಆಶ್ಚರ್ಯ... ನನ್ನ ಕೆಲಸ ದೊಡ್ಡದು ಅಂತ ಅವನು ಒಪ್ಪಿಕೊಂಡ. ತಾಮ್ರದ ಸುರುಳಿ ಬಿಚ್ಚಿ, ಒಂದು ತುದೀನ ಈ ಕಂಬಿಗೆ ಬಿಗಿದ, ಇನ್ನೊಂದು ತುದಿ ಹಿಡ್ಕೊಂಡು ಮಳೆಯಲ್ಲಿ ಓಡಿ ಗುಂಡಿಗೆ ಇಳಿದ. ಎರಡು ಮಣ್ಣನ್ನ ಒಂದು ಮಾಡಬೇಕಿತ್ತು, ಅಷ್ಟೇ ತಾನೇ? ಪಟ್ಟಿ ಮೇಲೆ ಪಟ್ಟಿ ಇಟ್ಟ. ಬೋಲ್ಟಿಗೆ ಜೇಬಿಗೆ ಕೈ ಹಾಕ್ದ. ಒದ್ದೆ ಕೈ, ಕೆಸರು... ಬೋಲ್ಟ್ ಜಾರಿ ಇದ್ದಿಲ ಕೆಸರಲ್ಲಿ ಎಲ್ಲೋ ಮುಳುಗ್ತು. ಹುಡುಕೋಕೆ ಹೊತ್ತಿಲ್ಲ. ತಲೆ ಮೇಲೆ ಆಕಾಶ ಬಾಯಿ ತೆರೆದಿದೆ. ಬೋಲ್ಟ್ ಸಿಗಲಿಲ್ಲ... ಕೈ ಸಿಕ್ತು. ಎರಡೂ ಪಟ್ಟೀನ ಎರಡು ಅಂಗೈ ನಡುವೆ ಇಟ್ಟು ಒತ್ತಿ ಹಿಡ್ಕೊಂಡ.

"ದೋಣಿಗೆ ಒಂದು ಮಾತು, ಅವನಿಗೆ ಒಂದು ಮಾತು ಕೂಗ್ತಿದ್ದೆ ನಾನು. ಬಿಡೋ ಅಣ್ಣಾ, ಬಿಟ್ಟು ಬಂದುಬಿಡೋ ಅಂದೆ. ನೀನು ಮೈಕ್ ಬಿಡ್ತೀಯಾ ಅಂತ ಕೇಳ್ದ. ಬಿಡಲ್ಲ ಅಂದೆ. ನಕ್ಕ. ಮಳೆಯಲ್ಲಿ ಅವನ ಹಲ್ಲು ಬೆಳ್ಳಗೆ ಕಂಡಿದ್ದು ಇನ್ನೂ ಕಣ್ಣಲ್ಲಿದೆ. ಹಾಗಾದ್ರೆ ನಾನೂ ಬಿಡಲ್ಲ ಅಂದ..."

ಅವಳು ಕೊಡೆಯ ಹಿಡಿಯನ್ನು ಸವರಿದಳು. ವೆಲ್ಡರ್ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಬಡೀತು. ಕೋಣೆಯೆಲ್ಲ ಬೆಳ್ಳಗಾಯ್ತು. ನನ್ನ ಕೈಗೆ ಇರುವೆ ಕಚ್ಚಿದಷ್ಟೂ ಆಗ್ಲಿಲ್ಲ. ಮೇಜಿನ ಮೇಲಿದ್ದ ಲೋಟದಲ್ಲಿ ಚಹಾ ಅಲುಗಲಿಲ್ಲ. ಬಲಕ್ಕೆ ಬನ್ನಿ ಅಂತ ಅರ್ಧ ಹೇಳಿದ್ದೆ, ಉಳಿದರ್ಧ ಹೇಳಿದೆ. ದೋಣಿ ಬಂತು. ಎಲ್ಲರೂ ಇಳಿದ್ರು, ಅತ್ತ ಮಗೂನೂ ಇಳೀತು. ಆಮೇಲೆ... ಆಮೇಲೆ ನಾನು ಎದ್ದೆ. ಮೊದಲೇ ಎದ್ದಿದ್ರೆ ಅಂತ ಕೆಲವರು ಕೇಳ್ತಾರೆ. ಎದ್ದಿದ್ರೆ ಅವನೇ ನನ್ನ ಮುಖ ನೋಡ್ತಿರ್ಲಿಲ್ಲ.

"ಅವನನ್ನ ಎತ್ತಿಕೊಂಡು ಹೋದ್ರು. ಪಟ್ಟಿಗಳು ಮಾತ್ರ ಹಾಗೇ ಕಚ್ಚಿಕೊಂಡಿದ್ವು. ಸಿಡಿಲೇ ಬೆಸೆದುಬಿಟ್ಟಿದೆ ಅಂದ್ರು ತಿಳಿದೋರು. ಆಗಲಿ ಅಂದುಕೊಂಡೆ. ಮೂರು ದಿನ ಬಿಸಿಲು ಬಂತು, ಹೋಗಿ ಮುಟ್ಟಿದೆ, ಸಡಿಲ. ಗಲಗಲ ಅಂತು. ಬೆಸೆದದ್ದು ಬಿಸಿಲಿಗೆ ಬಿಡತ್ತಾ? ನೀನೇ ಹೇಳಪ್ಪ, ನೀನು ವೆಲ್ಡರ್ ತಾನೇ?"

"ಬಿಡಲ್ಲ ಅಜ್ಜಿ," ಎಂದ ಅವನು. ಹಾಸ್ಯವೆಲ್ಲ ಇಂಗಿಹೋಗಿತ್ತು.

"ಆಮೇಲೆ ಬಂದೋರೆಲ್ಲ ಅದಕ್ಕೆ ಬೋಲ್ಟ್ ಹಾಕಿದ್ರು. ಹಿತ್ತಾಳೇದು ಹಾಕಿದ್ರು, ಉಕ್ಕಿಂದು ಹಾಕಿದ್ರು. ಮೊದಲ ಗುಡುಗು ಕಳೆದ ಮೇಲೆ ಹೋಗಿ ನೋಡಿದ್ರೆ ಬೋಲ್ಟುಗಳು ಗುಂಡಿ ತಳದಲ್ಲಿ ಅಚ್ಚುಕಟ್ಟಾಗಿ ಸಾಲಾಗಿ ಕೂತಿರ್ತಿದ್ವು. ಒಂದರ ತಿರುಪೂ ಸವೆದಿರ್ಲಿಲ್ಲ. ಯಾರೋ ಕೈಯಿಂದ ಬಿಚ್ಚಿ ಪಕ್ಕಕ್ಕಿಟ್ಟ ಹಾಗೆ... ಜಾಗ ಬಿಡಿ, ನಾನಿದೀನಿ ಅಂದ ಹಾಗೆ. ಈಗ ಈ ಗೋಡೆಗೆ ಬಂದಿದೆಯಲ್ಲ ತಾಮ್ರ, ಅದು ಅವನು ಅವತ್ತು ಕಂಬಿಗೆ ಎಳೆದ ಪಟ್ಟಿಯೇ, ಆಮೇಲೆ ಗೋಡೆಗೆ ಸೇರ್ಸಿದ್ರು. ಇಷ್ಟು ವರ್ಷದಲ್ಲಿ ಈ ಟವರಿಗೆ ಎಷ್ಟೋ ಸಿಡಿಲು ಬಿತ್ತು. ಈ ಕುರ್ಚಿಯಲ್ಲಿ ಕೂತ ಒಬ್ಬರ ಕೂದಲೂ ಕೊಂಕಲಿಲ್ಲ. ಈಗ ಹೇಳು ಮಗಳೇ. ಸುಳ್ಳು ಅನ್ಸಿದ್ರೆ ಎಳಿ."

ಎಂಜಿನಿಯರ್ ಕಿಟಕಿಯಾಚೆ ನೋಡಿದಳು. ಕಪ್ಪು ನೀರಿನ ಮೇಲೆ ಚುಕ್ಕಿಯಷ್ಟು ದೀಪ ಏಳುತ್ತಿತ್ತು, ಮುಳುಗುತ್ತಿತ್ತು. ಅವಳು ಕಲಿತ ವಿದ್ಯೆಯೆಲ್ಲ ಎಳೆ ಎಳೆ ಎನ್ನುತ್ತಿತ್ತು, ಆ ವಿದ್ಯೆ ಸುಳ್ಳಲ್ಲ. ಆದರೆ ಬೆರಳುಗಳಿಗೆ ಇನ್ನೂ ನೆನಪಿತ್ತು, ಅಲಗನ್ನು ಎಳೆದಾಗ ಆ ಕಡೆಯಿಂದ ಬಂದ ಹಿಡಿತ. ಅದು ತುಕ್ಕಿನ ಹಿಡಿತವಾಗಿರಲಿಲ್ಲ. ತುಕ್ಕಿಗೆ ಅಷ್ಟು ಮರ್ಯಾದೆ ಇರುವುದಿಲ್ಲ. ಅದು ಅವಳ ಬೆರಳಿಗೆ ಗಾಯವಾಗದಂತೆ ಹಿಡಿದಿತ್ತು. ಅವಳು ಕೇಬಲ್ಲಿನಿಂದ ಕೈ ತೆಗೆದಳು. ಆಪರೇಟರಿನ ಹಿಂದೆ ಬಂದು, ಅವನ ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಹೇಳಿ," ಎಂದಳು. "ಅವರನ್ನ ಕರೀರಿ ಒಳಗೆ."

"ನೇರ ಬನ್ನಿ," ಎಂದ ಅವನು ಮೈಕಿಗೆ. "ಇನ್ನು ಏನೂ ತಿರುಗಬೇಡಿ, ನೇರ—"

ಬೆಳಕು ಮೊದಲು ಬಂತೋ ಸದ್ದು ಮೊದಲು ಬಂತೋ ತಿಳಿಯಲಿಲ್ಲ. ಗೋಡೆ, ಮೇಜು, ಮುಖಗಳು ಎಲ್ಲ ಒಂದೇ ಬಿಳಿಯಾಗಿ, ನೆಲ ಪಾದದಡಿ ದೀರ್ಘವಾಗಿ ಉಸಿರು ಬಿಟ್ಟಂತಾಯಿತು. ಅವಳು ಕಣ್ಣು ತೆರೆದಾಗ ಆಪರೇಟರಿನ ಹೆಗಲು ಅಲುಗಿರಲಿಲ್ಲ. ಮೈಕಿನ ಬಳಿಯಿದ್ದ ಲೋಟದ ನೀರಿನಲ್ಲಿ ಒಂದು ಉಂಗುರವೂ ಎದ್ದಿರಲಿಲ್ಲ. "—ನೇರ ಬನ್ನಿ," ಎಂದು ಅವನು ಮಾತು ಮುಗಿಸಿದ. "ದೀಪ ಕಾಣ್ತು! ದೀಪ ಕಾಣ್ತು ಕಣಣ್ಣಾ!" ಎಂದು ರೇಡಿಯೊ ಅತ್ತಿತು, ನಕ್ಕಿತು.

ದೋಣಿ ಕಟ್ಟೆಗೆ ತಾಗಿದ ಮೇಲೆ ಆಪರೇಟರ್ ರೇಡಿಯೊ ಆರಿಸಿ ಕೇಬಲ್ ಕಿತ್ತ. ಮಳೆ ತೆಳುವಾಗಿತ್ತು. ಗುಡುಗು ಇನ್ನೂ ಬೆಟ್ಟಗಳ ಹಿಂದೆ ಗೊಣಗುತ್ತಿತ್ತು. ಎಂಜಿನಿಯರ್ ಟಾರ್ಚು ಹಿಡಿದು ಹೊಸ ಪಟ್ಟಿಯ ಬಳಿಗೆ ಹೋದಳು. ಪೆಟ್ಟಿಗೆಯ ಗಾಜು ಒರೆಸಿದಳು. ಸೊನ್ನೆ.

"ಕೆಟ್ಟಿರಬೇಕು," ಎಂದ ವೆಲ್ಡರ್, ಹಾಗೆಂದು ತಾನೇ ನಂಬಲು ನೋಡುತ್ತ.

ಅವಳು ಪರೀಕ್ಷೆಯ ಗುಂಡಿ ಒತ್ತಿದಳು. ಟಿಕ್ ಎಂದು ಅಂಕಿ ಉರುಳಿತು. ಕೆಟ್ಟಿರಲಿಲ್ಲ. ಅಷ್ಟು ದಪ್ಪದ, ಅಷ್ಟು ನೇರದ, ಹೊಚ್ಚ ಹೊಸ ದಾರಿಯನ್ನು ಬಿಟ್ಟು ಸಿಡಿಲು ಹಳೆಯ ದಾರಿಯಲ್ಲೇ ಇಳಿದಿತ್ತು, ಪರಿಚಯದವರ ಮನೆಗೆ ಹೋಗುವಂತೆ.

ಮೈಕಜ್ಜಿ ಗುಂಡಿಯ ಅಂಚಿನಲ್ಲಿ ಕೂತಿದ್ದಳು. ಕೊಡೆಯನ್ನು ತನ್ನ ತಲೆಯ ಮೇಲಲ್ಲ, ಗುಂಡಿಯ ಮೇಲೆ ಹಿಡಿದಿದ್ದಳು. ಕೆಳಗೆ ಟಾರ್ಚಿನ ಬೆಳಕಿನಲ್ಲಿ ಒದ್ದೆ ತಾಮ್ರ ಹೊಳೆಯಿತು. ಅಲಗು ಇನ್ನೂ ಅದರ ನಡುವೆ ಬಿಗಿಯಾಗಿ ನಿಂತಿತ್ತು.

"ಪ್ರತಿ ವರ್ಷ ಬಂದು ಕೇಳ್ತೀನಿ," ಎಂದಳು ಅವಳು, ತಿರುಗಿ ನೋಡದೆ. "ಕೇಳದೆ ಇರೋಕಾಗತ್ತಾ? ನನಗೂ ಕಾಲು ಬಿದ್ದುಹೋಗ್ತಿದೆ, ಬರೋ ವರ್ಷ ಬರ್ತೀನೋ ಇಲ್ವೋ. ನಾನಿರುವಾಗಲೇ ಅವನು ಒಮ್ಮೆ ಕೈ ಒರೆಸ್ಕೊಂಡು ಮಲಗಲಿ ಅಂತ ಆಸೆ. ಈ ಸಲ ನೀನು ಒಳ್ಳೆ ತಾಮ್ರ ಹಾಕಿದೀಯ. ನೋಡಿದೆ ನಾನು, ಒಂದು ಮೂಲೆಯೂ ಇಲ್ಲ. ಅವನಿಗೂ ಇಷ್ಟವಾಗಿರತ್ತೆ."

ಅವಳು ಗುಂಡಿಯೊಳಕ್ಕೆ ಬಾಗಿದಳು.

"ಅಣ್ಣಾ... ದೋಣಿ ಬಂತು ಕಣೋ. ಎಲ್ಲರೂ ಇಳಿದ್ರು. ಈ ಮಗಳು ನಿನ್ನ ಹಾಗೇ ನೆಲ ನೋಡಿ ನಡೆಯೋಳು, ನಾಳೆ ಎಲ್ಲ ಒಂದೇ ಮಣ್ಣಿಗೆ ಬೆಸೀತಾಳೆ. ಸಾಕು ಮಾಡೋ. ಇನ್ನು ಬಿಡೋ ಅಣ್ಣಾ."

ಆಪರೇಟರ್ ಬಾಗಿಲಲ್ಲಿ ನಿಂತಿದ್ದ. ಕಿತ್ತ ಕೇಬಲ್ಲಿನ ತುದಿ ಅವನ ಕೈಯಲ್ಲೇ ಇತ್ತು. ಅವನ ಹಿಂದೆ, ಕತ್ತಲ ಕೋಣೆಯಲ್ಲಿ, ಆರಿಸಿದ ರೇಡಿಯೊ ಒಮ್ಮೆ ಗುಂಯ್ ಎಂದಿತು, ಜೇನು ಹೊಕ್ಕ ಹಾಗೆ. ಆಮೇಲೆ ಆ ಸದ್ದು ನಿಂತು, ಕನ್ನಡಿಯಷ್ಟು ತಿಳಿಯಾಗಿ, ನಗು ತುಂಬಿದ ಒಂದು ಗಂಡಸಿನ ದನಿ ಕೇಳಿಸಿತು.

"ಬಿಡಲ್ಲ."